ಹಿಟ್ಲರ್ ಕಟ್ಟಿಸಿದ ಮೈದಾನದಲ್ಲಿ ಯಹೂದಿಗಳ ಆಟ

ಇವತ್ತಿನದು ಎರಡೇ ನಿಮಿಷದ ಕಥೆ.

1936, ಜರ್ಮನಿ. ಹೈಜಂಪ್ ಆಟಗಾರ್ತಿ ಗ್ರೆಟೆಲ್ ಬರ್ಗ್‌ಮನ್ 1.60 ಮೀಟರ್ ಹಾರಿ ದೇಶದ ದಾಖಲೆ ಸರಿಗಟ್ಟಿದ್ರು. ಬರ್ಲಿನ್ ಒಲಿಂಪಿಕ್ಸ್‌ಗೆ ಎರಡು ವಾರ ಇರುವಾಗ ಪತ್ರ ಬಂತು: ನಿಮ್ಮ ಆಟ ಸಾಲದು, ತಂಡದಲ್ಲಿ ಜಾಗ ಇಲ್ಲ ಅಂತ. ಅಸಲಿ ಕಾರಣ, ಅವರು ಯಹೂದಿ. ಆ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಮೂವರೂ ದಾಟಿದ್ದು ಅದೇ 1.60 ಮೀಟರ್!

ಯಹೂದಿ ಕ್ರೀಡಾಪಟುಗಳಿಗೆ ಅಂತಲೇ 1932ರಲ್ಲಿ ಟೆಲ್ ಅವೀವ್‌ನಲ್ಲಿ ಮಕಾಬಿಯಾ ಕ್ರೀಡಾಕೂಟ ಶುರುವಾಗಿತ್ತು. 1935ರಲ್ಲಿ ಎರಡನೇದು ನಡೀತು. ಆಗ ಯುರೋಪಿನಿಂದ ಬಂದ ಎಷ್ಟೋ ಆಟಗಾರರು ವಾಪಸ್ ಹೋಗಲೇ ಇಲ್ಲ. ಮೂರನೇದು ನಡೆಯೋಕೆ 1950 ಬರಬೇಕಾಯ್ತು.

ಇದೇ ಕೂಟದ ಯುರೋಪಿಯನ್ ಆವೃತ್ತಿ 2015ರಲ್ಲಿ ನಡೆದದ್ದೆಲ್ಲಿ ಗೊತ್ತಾ? ಬರ್ಲಿನ್‌ನಲ್ಲಿ, ಅದೇ ಒಲಿಂಪಿಕ್ ಪಾರ್ಕ್‌ನಲ್ಲಿ! 2,000ಕ್ಕೂ ಹೆಚ್ಚು ಯಹೂದಿ ಆಟಗಾರರು ಬಂದಿದ್ರು.

ಹಾಗಾದ್ರೆ ಹಳೇ ಲೆಕ್ಕ ಚುಕ್ತಾ ಆಯ್ತಾ? ಬಿ.ಕಾಂ ಓದಿದ ನನಗೆ ಹಾಗನ್ನಿಸಲ್ಲ. ಗ್ರೆಟೆಲ್ ಕಳ್ಕೊಂಡ ಆ ಜಿಗಿತವನ್ನ ಯಾವ ಬ್ಯಾಲೆನ್ಸ್ ಶೀಟೂ ವಾಪಸ್ ಕೊಡಲ್ಲ. ಆದ್ರೆ ಹೊರಗಿಟ್ಟ ಜಾಗಕ್ಕೇ ತಲೆ ಎತ್ತಿಕೊಂಡು ಹೋಗಿ ಆಡೋದಿದೆಯಲ್ಲ, ಅದು ಸಣ್ಣ ಮಾತಲ್ಲ.

ನಿಮಗೇನನ್ನಿಸ್ತು? ವಾಯ್ಸ್ ನೋಟ್ ಕಳಿಸಿ, ಕೇಳ್ತೀನಿ.