ಪರಿಹಾರವು ದಾನವಲ್ಲ: ಗಾಯಾಳು ಕಟ್ಟಡ ಕಾರ್ಮಿಕರ ಹಕ್ಕುಗಳು

(ಕೋಪರಖೈರಣೆಯಲ್ಲಿ ಜರಗಿದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಟ್ಟಡ ಕಾರ್ಮಿಕರ ಅಪಘಾತ ಮತ್ತು ಪರಿಹಾರದಂಥ ವಿಷಯವನ್ನು ಇಂದಿನ ಗೋಷ್ಠಿಗೆ ಆರಿಸಿಕೊಂಡುದಕ್ಕಾಗಿ ಮೊದಲು ಸಂಘವನ್ನು ಅಭಿನಂದಿಸುತ್ತೇನೆ. ಹೊರನಾಡಿನ ನಮ್ಮ ಸಂಘಗಳಲ್ಲಿ ರಾಜ್ಯೋತ್ಸವ, ನಾಟಕ, ಯಕ್ಷಗಾನ, ಕವಿಗೋಷ್ಠಿಗಳು ನಡೆಯುತ್ತವೆ, ನಡೆಯಬೇಕಾದುದೇ. ಆದರೆ ನಾವು ವಾಸಿಸುವ ಮನೆಗಳ ಗೋಡೆ ಎತ್ತಿದವರಲ್ಲಿ, ಸ್ಲ್ಯಾಬ್ ಹಾಕಿದವರಲ್ಲಿ ಎಷ್ಟೋ ಮಂದಿ ಕನ್ನಡ ಮಾತಾಡುವವರೇ ಆಗಿದ್ದಾರೆ ಎಂಬ ವಿಚಾರ ಈ ಕಾರ್ಯಕ್ರಮಗಳಲ್ಲಿ ಪ್ರಸ್ತಾಪಕ್ಕೆ ಬರುವುದು ಅಪರೂಪ.

1970ರ ಮಾರ್ಚ್ ತಿಂಗಳಲ್ಲಿ ಸಿಡ್ಕೊ ಸ್ಥಾಪನೆಯಾಯಿತು. ಖಾಡಿಯ ಈಚೆ ದಡದ ಗದ್ದೆ, ಉಪ್ಪಿನ ಪಾತಿ, ಮೀನುಗಾರರ ಹಳ್ಳಿಗಳ ನಡುವೆ ಒಂದು ಹೊಸ ನಗರ ಎದ್ದಿತು. ಅದನ್ನು ಎಬ್ಬಿಸಿದ ಕೈಗಳು ಮಹಾರಾಷ್ಟ್ರದ ಬರಪೀಡಿತ ಜಿಲ್ಲೆಗಳಿಂದ ಬಂದಂತೆಯೇ ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರುಗಳ ಹಳ್ಳಿಗಳಿಂದಲೂ ಲಂಬಾಣಿ ತಾಂಡಾಗಳಿಂದಲೂ ಬಂದವು. ಮಳೆ ಕೈಕೊಟ್ಟ ವರ್ಷ ಗಂಡ ಹೆಂಡತಿ ಮಕ್ಕಳು ಸಮೇತ ಬಂದು, ಬೆಳಗ್ಗೆ ನಾಕಾದಲ್ಲಿ ನಿಂತು, ಮುಕಾದಮ ಕರೆದಲ್ಲಿಗೆ ಹೋಗುವ ಜನ ಇವರು. ಉಡುಪಿ, ಮಂಗಳೂರು ಕಡೆಗಳಿಂದ ಹೋಟೆಲು, ಬ್ಯಾಂಕು, ಕಚೇರಿಗಳ ನೌಕರಿಗೆ ಬಂದ ನಮಗೂ ಅವರಿಗೂ ಒಂದೇ ಭಾಷೆ. ಆದರೆ ನಮ್ಮ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರುಗಳಿಲ್ಲ.

ಕೋಪರಖೈರಣೆಯ ಸಂಗತಿ ನಿಮಗೆಲ್ಲ ತಿಳಿದದ್ದೇ. ಸಿಡ್ಕೊ ಕಟ್ಟಿಕೊಟ್ಟ ಬೈಠೀ ಮನೆಗಳ ಮೇಲೆ ಅಂತಸ್ತುಗಳು ಏರಿವೆ. ಇಂಥ ಕೆಲಸದಲ್ಲಿ ದೊಡ್ಡ ಕಂಪೆನಿಯ ಫಲಕವಿರುವುದಿಲ್ಲ, ಹಾಜರಿ ಪುಸ್ತಕವಿರುವುದಿಲ್ಲ, ಹೆಲ್ಮೆಟ್ಟೂ ಇರುವುದಿಲ್ಲ. ಒಬ್ಬ ಮುಕಾದಮ, ಇಬ್ಬರು ಗೌಂಡಿಗಳು, ನಾಲ್ಕು ಮಂದಿ ಬಿಗಾರಿಗಳು. ಸಾರುವೆಯ ಹಲಗೆ ಜಾರಿ ಒಬ್ಬ ಕೆಳಗೆ ಬಿದ್ದರೆ ಪತ್ರಿಕೆಯಲ್ಲಿ ಒಂದು ಸಾಲೂ ಬರುವುದಿಲ್ಲ. ದೊಡ್ಡ ದುರಂತಗಳಷ್ಟೇ ಸುದ್ದಿಯಾಗುತ್ತವೆ. 2013ರ ಏಪ್ರಿಲ್ 4ರಂದು ಮುಂಬ್ರಾ ಸಮೀಪದ ಶೀಳ್ ಫಾಟಾದಲ್ಲಿ ಅನಧಿಕೃತ ಕಟ್ಟಡವೊಂದು ಕುಸಿದು 74 ಮಂದಿ ಸತ್ತರು. ಕಟ್ಟುತ್ತಿದ್ದ ಕಾರ್ಮಿಕರ ಕುಟುಂಬಗಳು ಅದರಲ್ಲಿಯೇ ವಾಸವಾಗಿದ್ದವು. 2023ರ ಸೆಪ್ಟೆಂಬರಿನಲ್ಲಿ ಠಾಣೆಯ ಬಾಳ್ಕುಮ್‌ನಲ್ಲಿ ಲಿಫ್ಟ್ ಕುಸಿದು 7 ಮಂದಿ ಕಾರ್ಮಿಕರು ಮಡಿದರು. ಒಬ್ಬೊಬ್ಬರಾಗಿ ಬಿದ್ದು ಬೆನ್ನುಮೂಳೆ ಮುರಿದುಕೊಂಡವರನ್ನು ಎಣಿಸುವವರು ಯಾರು?

ಇಂಥವರ ವಿಷಯದಲ್ಲಿ ಕಾನೂನು ಏನೂ ಇಲ್ಲವೆಂಬ ಭಾವನೆ ನಮ್ಮಲ್ಲಿದೆ. ಅದು ನಿಜವಲ್ಲ. ಕಾರ್ಮಿಕರ ಪರಿಹಾರ ಕಾಯಿದೆ 1923ರಲ್ಲಿ ಬಂದು 1924ರ ಜುಲೈ 1ರಿಂದ ಜಾರಿಯಾಯಿತು. ಅದಕ್ಕೆ ಮೊದಲು ಗಾಯಗೊಂಡ ಕೂಲಿಯವನು ಮಾಲೀಕನ ನಿರ್ಲಕ್ಷ್ಯವನ್ನು ಸಿವಿಲ್ ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಾಗಿತ್ತು. ಈ ಕಾಯಿದೆ ಆ ಹೊರೆಯನ್ನು ಇಳಿಸಿತು. ತಪ್ಪು ಯಾರದೆಂಬ ಪ್ರಶ್ನೆ ಇಲ್ಲಿ ಮುಖ್ಯವಲ್ಲ. ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಅಪಘಾತವಾಯಿತೆಂದು ತೋರಿಸಿದರೆ ಸಾಕು. ಕುಡಿದಿದ್ದ, ಸುರಕ್ಷತೆಯ ನಿಯಮವನ್ನು ಬೇಕೆಂದೇ ಮೀರಿದ್ದ ಎಂಬ ವಾದಗಳು ಕೂಡ ಸಾವು ಅಥವಾ ಸಂಪೂರ್ಣ ಶಾಶ್ವತ ಅಂಗವೈಕಲ್ಯದ ಪ್ರಕರಣದಲ್ಲಿ ಮಾಲೀಕನ ನೆರವಿಗೆ ಬರುವುದಿಲ್ಲ. ಆದ್ದರಿಂದಲೇ ಪರಿಹಾರವು ದಾನವಲ್ಲ, ಮಾಲೀಕನ ಋಣ ಎಂದು ನಾನು ಹೇಳುತ್ತೇನೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1923ರ ಕಾಯಿದೆಯ ಸ್ಥಾನವನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆ ವಹಿಸಿಕೊಂಡಿದೆ. ಆ ದಿನಕ್ಕೆ ಮೊದಲು ನಡೆದ ಅಪಘಾತಗಳಲ್ಲಿ ಹಳೆಯ ಕಾಯಿದೆಯಂತೆ ಬಂದ ಹಕ್ಕು ಅಳಿಯುವುದಿಲ್ಲ. ಹೊಸ ಸಂಹಿತೆಯಲ್ಲೂ ಮೂಲತತ್ತ್ವ ಅದೇ. ಹಿಂದಿನ ಆಯುಕ್ತರ ಸ್ಥಾನದಲ್ಲಿ ಈಗ ಸಕ್ಷಮ ಪ್ರಾಧಿಕಾರಿ ಇದ್ದಾರೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಮರಳುವಾಗ ಆಗುವ ಅಪಘಾತವೂ, ಕೆಲಸದೊಡನೆ ಅದರ ಸಂಬಂಧ ಸಿದ್ಧವಾದರೆ, ಪರಿಹಾರದ ವ್ಯಾಪ್ತಿಗೆ ಬರುತ್ತದೆಂದು ಸಂಹಿತೆ ಸ್ಪಷ್ಟವಾಗಿ ಹೇಳಿದೆ. ಟೆಂಪೋದಲ್ಲಿ ನಿಂತು ಸೈಟಿಗೆ ಸಾಗುವ ನಮ್ಮ ಜನಕ್ಕೆ ಇದು ಸಣ್ಣ ಮಾತಲ್ಲ.

ಮುಕಾದಮ ಕೈಯೆತ್ತಿದರೆ ಏನು ಗತಿ ಎಂದು ಕೇಳುವವರಿದ್ದಾರೆ. ಕಟ್ಟುವುದನ್ನೇ ವ್ಯಾಪಾರ ಮಾಡಿಕೊಂಡ ಬಿಲ್ಡರ್ ತನ್ನ ಕೆಲಸವನ್ನು ಗುತ್ತಿಗೆದಾರನಿಗೆ ವಹಿಸಿದ್ದರೆ, ಗುತ್ತಿಗೆದಾರನ ಕೂಲಿಯವನಿಗೂ ಆ ಬಿಲ್ಡರನೇ ಪರಿಹಾರ ಕೊಡಬೇಕಾಗುತ್ತದೆ. ಬಳಿಕ ಅವನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಆದಕಾರಣ ನೋಟೀಸು ಕೊಡುವಾಗ ಮುಕಾದಮ, ಗುತ್ತಿಗೆದಾರ, ಬಿಲ್ಡರ್ ಎಲ್ಲರನ್ನೂ ಹೆಸರಿಸಬೇಕು. ಕೂಲಿಯವನ ಹೆಸರಿನಲ್ಲಿ ಇ.ಎಸ್.ಐ. ವಂತಿಗೆ ಕಟ್ಟುತ್ತಿದ್ದರೆ ಮಾತ್ರ ದಾರಿ ಬೇರೆ. ಆಗ ಕೇಳಬೇಕಾದುದು ಇ.ಎಸ್.ಐ. ನಿಗಮವನ್ನು.

ಇನ್ನು ಹಣದ ಲೆಕ್ಕ. ಸಾವಿಗೆ ತಿಂಗಳ ಪಗಾರದ ನೂರಕ್ಕೆ 50 ಭಾಗವನ್ನೂ ಸಂಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ನೂರಕ್ಕೆ 60 ಭಾಗವನ್ನೂ ವಯಸ್ಸಿಗೆ ಅನುಗುಣವಾದ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. 1923ರ ಕಾಯಿದೆಯ ಅನುಸೂಚಿಯಲ್ಲಿ 30 ವಯಸ್ಸಿಗೆ ಆ ಸಂಖ್ಯೆ 207.98. ಲೆಕ್ಕಕ್ಕೆ ಹಿಡಿಯುವ ಪಗಾರಕ್ಕೆ 2020ರ ಜನವರಿ 3ರ ಅಧಿಸೂಚನೆ 15,000 ರೂಪಾಯಿಯ ಮಿತಿ ಹಾಕಿತು. ಆ ಪ್ರಕಾರ 30 ವರ್ಷದ ಗೌಂಡಿ ಇನ್ನೆಂದೂ ದುಡಿಯಲಾರದಂತಾದರೆ 18,71,820 ರೂಪಾಯಿ. ಸತ್ತರೆ ಅವಲಂಬಿತರಿಗೆ 15,59,850 ರೂಪಾಯಿ. ಹೆಬ್ಬೆರಳು ಹೋದರೆ, ಅದಕ್ಕೆ ನಿಗದಿಯಾದ ನೂರಕ್ಕೆ 30ರಂತೆ, 5,61,546 ರೂಪಾಯಿ. ಗಾಯ ಮಾಯುವ ತನಕದ ತಾತ್ಕಾಲಿಕ ಅಸಾಮರ್ಥ್ಯಕ್ಕೆ ಅರ್ಧ ತಿಂಗಳಿಗೊಮ್ಮೆ ಪಗಾರದ ಕಾಲುಭಾಗ ಸಲ್ಲಬೇಕು. ಚಿಕಿತ್ಸೆಯ ನಿಜವಾದ ವೆಚ್ಚ ಬೇರೆ. ದಿನಕ್ಕೆ 800 ರೂಪಾಯಿಯಂತೆ 26 ದಿನ ದುಡಿಯುವವನ ಸಂಪಾದನೆ 15,000ವನ್ನು ಮೀರುತ್ತದೆ. ಈ ಮಿತಿ ನ್ಯಾಯವೇ ಎಂದು ಕೇಳಲೇಬೇಕು. ಆದರೂ ಆಸ್ಪತ್ರೆಯ ಮಂಚದ ಬಳಿ ಐವತ್ತು ಸಾವಿರ ಎಣಿಸಿ, ಬಿಳಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು, ಊರಿಗೆ ಹೋಗುವ ಬಸ್ಸು ಹತ್ತಿಸುವ ಪದ್ಧತಿಯ ಜೊತೆ ಈ ಅಂಕಿಗಳನ್ನು ಹೋಲಿಸಿ ನೋಡಿ.

ಅಂಗವೈಕಲ್ಯದ ಪ್ರಮಾಣದ ಬಗ್ಗೆ ಒಂದು ಮಾತು. ವೈದ್ಯರು ದೇಹದ ಊನವನ್ನು ಅಳೆದು ನೂರಕ್ಕೆ ಇಷ್ಟು ಎಂದು ಬರೆಯುತ್ತಾರೆ. ಕಾನೂನು ಕೇಳುವುದು ದುಡಿಯುವ ಶಕ್ತಿ ಎಷ್ಟು ಹೋಯಿತು ಎಂದು. ಸಿನೆಮಾ ಮಂದಿರವೊಂದರ ಅಲಂಕಾರದ ಕೆಲಸ ಮಾಡುವಾಗ ಬಿದ್ದು ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ, 1975ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ನಾಲ್ವರು ನ್ಯಾಯಮೂರ್ತಿಗಳ ಪೀಠ ಈ ಅಂತರವನ್ನು ತಿಳಿಯಾಗಿಸಿತು. ಒಂದೇ ಕೈಯಿಂದ ಬಡಗಿಯ ಕೆಲಸ ಸಾಧ್ಯವಿಲ್ಲ. ಆದ್ದರಿಂದ ಅವನ ನಷ್ಟ ಸಂಪೂರ್ಣ ಎಂಬ ನಿರ್ಣಯವನ್ನು ಅದು ಎತ್ತಿಹಿಡಿಯಿತು. ಪರಿಹಾರದ ಹೊಣೆ ಹುಟ್ಟುವುದು ಅಪಘಾತದ ದಿನದಂದೇ ಹೊರತು ತೀರ್ಪಿನ ದಿನದಂದಲ್ಲ ಎಂದೂ ಹೇಳಿತು. ತಿಂಗಳೊಳಗೆ ಸಂದಾಯವಾಗದಿದ್ದರೆ ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಸೇರುತ್ತದೆ. ಸಮರ್ಥನೆಯಿಲ್ಲದ ವಿಳಂಬಕ್ಕೆ ಪರಿಹಾರದ ಅರ್ಧದವರೆಗೆ ಹೆಚ್ಚುವರಿ ಮೊತ್ತವನ್ನೂ ವಿಧಿಸಬಹುದು.

ಹಾಗಿದ್ದರೂ ಹಣ ಕೈಗೆ ಬರುವುದಿಲ್ಲವೇಕೆ? ಈ ಭಾಗದಲ್ಲಿ ನಾನು ಹತ್ತಿರದಿಂದ ಕಂಡ ಪ್ರಕರಣಗಳಲ್ಲಿ ಸೋಲಿನ ಬೀಜ ಬಿದ್ದದ್ದು ಮೊದಲ ಮೂರು ದಿನಗಳಲ್ಲಿ. ಗಾಯಾಳುವನ್ನು ಆಸ್ಪತ್ರೆಗೆ ತಂದ ಮುಕಾದಮ ‘ಮನೆಯ ಮೆಟ್ಟಿಲಿನಿಂದ ಬಿದ್ದ’ ಎಂದು ಬರೆಸುತ್ತಾನೆ. ಜೊತೆಯ ಕೂಲಿಗಳು ಹದಿನೈದು ದಿನಗಳಲ್ಲಿ ಬೇರೆ ಸೈಟಿಗೆ ಚದರಿಹೋಗುತ್ತಾರೆ. ಹೀಗೆ ಅಪಘಾತವೂ ಉಳಿಯುವುದಿಲ್ಲ, ಕೆಲಸದ ಸಂಬಂಧವೂ ಉಳಿಯುವುದಿಲ್ಲ. ಆದ್ದರಿಂದ ಮಾಡಬೇಕಾದ ಕೆಲಸಗಳನ್ನು ಕ್ರಮವಾಗಿ ಹೇಳುತ್ತೇನೆ.

ಒಂದು, ವಾಶಿಯ ಪಾಲಿಕೆ ಆಸ್ಪತ್ರೆಯಿರಲಿ, ಸಾಯನ್ನಿನ ಆಸ್ಪತ್ರೆಯಿರಲಿ, ಯಾವ ಸೈಟಿನಲ್ಲಿ, ಯಾವ ಕೆಲಸ ಮಾಡುವಾಗ, ಎಷ್ಟು ಎತ್ತರದಿಂದ ಬಿದ್ದ ಎಂಬುದನ್ನು ಕೇಸ್ ಪೇಪರಿನಲ್ಲಿ ಬರೆಸಬೇಕು. ಪೊಲೀಸ್ ಪ್ರಕರಣವಾಗಿ ದಾಖಲಿಸಲು ಕೇಳಬೇಕು. ಪೊಲೀಸ್ ದೂರು ಬೇರೆ, ಪರಿಹಾರದ ಅರ್ಜಿ ಬೇರೆ. ಒಂದು ಇನ್ನೊಂದನ್ನು ತಡೆಯುವುದಿಲ್ಲ.

ಎರಡು, ಪುರಾವೆ. ಹಾಜರಿ ಪುಸ್ತಕವಿಲ್ಲದಿದ್ದರೂ ಮುಕಾದಮನು ಫೋನಿನ ಮೂಲಕ ಕಳುಹಿಸಿದ ಹಣದ ದಾಖಲೆ, ಅವನ ಕರೆಗಳು, ವಾಟ್ಸ್‌ಆ್ಯಪ್ ಸಂದೇಶಗಳು, ಸೈಟಿನ ಫೋಟೋ ಇವೆಲ್ಲ ಕೆಲಸದ ಸಂಬಂಧವನ್ನು ತೋರಿಸುತ್ತವೆ. ಜೊತೆಗಿದ್ದವರ ಹೆಸರು, ಊರು, ಫೋನ್ ನಂಬರುಗಳನ್ನು ಅಂದೇ ಬರೆದಿಡಬೇಕು. ಎಕ್ಸ್‌ರೇ, ಔಷಧದ ಬಿಲ್ಲು, ಡಿಸ್ಚಾರ್ಜ್ ಕಾರ್ಡುಗಳನ್ನು ಯಾರ ಕೈಗೂ ಕೊಡಬಾರದು, ನಕಲು ಕೊಡಬಹುದು.

ಮೂರು, ಆದಷ್ಟು ಬೇಗ ಲಿಖಿತ ನೋಟೀಸು. ಅದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು.

ನಾಲ್ಕು, ಖಾಲಿ ಕಾಗದಕ್ಕೆ ಸಹಿ ಬೇಡ, ಹೆಬ್ಬೆಟ್ಟೂ ಬೇಡ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಕಾನೂನಿನಲ್ಲಿ ಅಸಿಂಧು. ರಾಜಿಯ ಒಪ್ಪಂದವನ್ನು ಪ್ರಾಧಿಕಾರಿಯ ಮುಂದೆ ನೋಂದಾಯಿಸಬೇಕು. ಮೊತ್ತ ಸಾಲದೆಂದು ಕಂಡರೆ ಅವರು ನೋಂದಣಿಯನ್ನು ನಿರಾಕರಿಸಬಹುದು. ಸಾವಿನ ಪರಿಹಾರವನ್ನು ಮಾಲೀಕ ಪ್ರಾಧಿಕಾರಿಯಲ್ಲಿಯೇ ಠೇವಣಿ ಇಡಬೇಕು.

ಐದು, ಎರಡು ವರ್ಷಗಳೊಳಗೆ ಅರ್ಜಿ. ಅಪಘಾತ ನಡೆದ ಜಾಗದಲ್ಲಿ, ಅರ್ಜಿದಾರ ವಾಸಿಸುವ ಜಾಗದಲ್ಲಿ ಅಥವಾ ಮಾಲೀಕನ ನೋಂದಾಯಿತ ಕಚೇರಿ ಇರುವಲ್ಲಿ ಅದನ್ನು ಸಲ್ಲಿಸಬಹುದು. ಅಂದರೆ ಕೋಪರಖೈರಣೆಯಲ್ಲಿ ಬಿದ್ದು ಊರು ಸೇರಿದವನು ಯಾದಗಿರಿಯಲ್ಲಿಯೇ ಅರ್ಜಿ ಹಾಕಬಹುದು. ‘ಊರಿಗೆ ಹೋದ, ಕೇಸು ಮುಗಿಯಿತು’ ಎನ್ನುವ ಗುತ್ತಿಗೆದಾರರಿಗೂ ಇದು ತಿಳಿಯಬೇಕು.

ಆರು, ವಕೀಲರ ಶುಲ್ಕಕ್ಕೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಕಡಿಮೆ ಆದಾಯದವರು ಉಚಿತ ನೆರವಿಗೆ ಅರ್ಹರು. ಜಿಲ್ಲಾ ಪ್ರಾಧಿಕಾರ ಠಾಣೆಯಲ್ಲಿದೆ. ರಾಷ್ಟ್ರೀಯ ಸಹಾಯವಾಣಿ 15100.

ಇದಲ್ಲದೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಎಂಬುದೊಂದಿದೆ. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರಂಥವರ ಮುಂದಾಳ್ತನದಲ್ಲಿ ದೇಶದಾದ್ಯಂತ ನಡೆದ ಚಳವಳಿಯ ಫಲವಾಗಿ 1996ರಲ್ಲಿ ಕಾಯಿದೆಯಾಯಿತು. ಕಟ್ಟಡ ವೆಚ್ಚದ ಮೇಲೆ ಶೇಕಡಾ 1ರ ಸೆಸ್ ಬಂತು. ಈ ವ್ಯವಸ್ಥೆಯೂ ಈಗ ಹೊಸ ಸಂಹಿತೆಯೊಳಗೆ ಸೇರಿದೆ. 18ರಿಂದ 60 ವಯಸ್ಸಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಕಾರ್ಮಿಕ ನೋಂದಾಯಿಸಿಕೊಳ್ಳಬಹುದು. ಆದರೆ 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಲೆಕ್ಕವೇನು? ಸಂಗ್ರಹವಾದದ್ದು 37,400 ಕೋಟಿ ರೂಪಾಯಿಗೂ ಹೆಚ್ಚು, ಖರ್ಚಾದದ್ದು ಸುಮಾರು 9,500 ಕೋಟಿ. ಹಣವಿದೆ, ಆದರೆ ಕಾರ್ಮಿಕನ ಹೆಸರು ದಾಖಲೆಯಲ್ಲಿಲ್ಲ. ವಾರಕ್ಕೊಂದು ಮಾಲೀಕನ ಬಳಿ ದುಡಿಯುವವನಿಗೆ 90 ದಿನಗಳ ಪ್ರಮಾಣಪತ್ರ ಕೊಡುವವರಾರು ಎಂಬುದೇ ಇಲ್ಲಿನ ತೊಡಕು. ಮಂಡಳಿಯ ನೆರವು ಮಾಲೀಕನ ಪರಿಹಾರಕ್ಕೆ ಬದಲಿಯಲ್ಲ ಎಂಬುದನ್ನೂ ನೆನಪಿಡಬೇಕು.

ಬಂಧುಗಳೇ, ನಮ್ಮ ಪಾತ್ರವಿರುವುದು ಇಲ್ಲಿಯೇ. ಇಲ್ಲಿನ ಕಚೇರಿಗಳ ವ್ಯವಹಾರ ಮರಾಠಿಯಲ್ಲಿ ನಡೆಯುತ್ತದೆ. ಗಾಯಾಳುವಿನ ಹೆಂಡತಿಗೆ ಬರುವುದು ಕನ್ನಡ ಅಥವಾ ಲಂಬಾಣಿ. ಆಧಾರ್ ಕಾರ್ಡಿನಲ್ಲೊಂದು ಹೆಸರು, ಆಸ್ಪತ್ರೆಯ ಕಾಗದದಲ್ಲೊಂದು ಹೆಸರು. ಈ ಎರಡು ಭಾಷೆಗಳನ್ನೂ ಓದಿ ಬರೆಯಬಲ್ಲವರು ನಮ್ಮ ಸಂಘದಲ್ಲಿದ್ದಾರೆ. ನಿವೃತ್ತ ಬ್ಯಾಂಕ್ ನೌಕರರಿದ್ದಾರೆ, ವಕೀಲರಿದ್ದಾರೆ, ದಾದಿಯರಿದ್ದಾರೆ. ಪ್ರತಿ ರವಿವಾರ ಎರಡು ಗಂಟೆ ಇಬ್ಬರು ಸದಸ್ಯರು ಕುಳಿತು ಅರ್ಜಿ, ನೋಟೀಸು ಬರೆದುಕೊಡುವ ವ್ಯವಸ್ಥೆಯಾಗಲಿ. ಮೊದಲ ಮೂರು ದಿನಗಳಲ್ಲಿ ಏನು ಮಾಡಬೇಕೆಂಬ ಒಂದು ಪುಟದ ಕರಪತ್ರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ನಾಕಾಗಳಲ್ಲಿ ಹಂಚೋಣ. ಓದು ಬಾರದವರಿಗೆ ಓದಿ ಹೇಳೋಣ. ಮನೆಗೆ ಮೇಲಂತಸ್ತು ಕಟ್ಟಿಸುವ ಸದಸ್ಯರು ಗುತ್ತಿಗೆದಾರನ ಬಳಿ ಕೂಲಿಗಳ ಹೆಸರಿನ ಪಟ್ಟಿಯನ್ನೂ ವಿಮೆಯ ಕಾಗದವನ್ನೂ ಕೇಳಿ ಪಡೆಯಲಿ. ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ.

ಕನ್ನಡದ ಅಭಿಮಾನದ ಬಗ್ಗೆ ನಾವು ಬಹಳ ಮಾತಾಡಿದ್ದೇವೆ. ಕೈಕಾಲು ಮುರಿದು ಮಲಗಿದ ಕನ್ನಡಿಗನಿಗೆ ಅವನ ಭಾಷೆಯಲ್ಲಿ ಅವನ ಹಕ್ಕನ್ನು ತಿಳಿಸಿ, ಅವನಿಗೆ ಸಲ್ಲಬೇಕಾದ ಹಣ ಸಲ್ಲುವ ತನಕ ಜೊತೆಗೆ ನಿಂತರೆ ಆ ಅಭಿಮಾನಕ್ಕೆ ಅರ್ಥ ಬಂದೀತು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿಯೇ ಇದನ್ನು ಠರಾವಾಗಿ ಮಂಡಿಸಬೇಕೆಂದು ವಿನಂತಿಸುತ್ತೇನೆ.