ಲ್ಯಾನ್ಸ್‌ಡೌನ್ ಕಟ್ಟಡದ ಸೂರು

ಮೈಸೂರಿನ ಪರಂಪರೆ ಎಂದ ಕೂಡಲೇ ಮಾತು ಅರಮನೆಯತ್ತ ಹೊರಳುತ್ತದೆ. ಇವತ್ತು ಒಂದು ಅಂಗಡಿ ಸಾಲಿನ ಬಗ್ಗೆ ಮಾತಾಡುತ್ತೇನೆ.

ಚಿಕ್ಕ ಗಡಿಯಾರ ಗೋಪುರಕ್ಕೂ ದೇವರಾಜ ಮಾರುಕಟ್ಟೆಗೂ ಕೂಗಳತೆಯಲ್ಲಿರುವ ಲ್ಯಾನ್ಸ್‌ಡೌನ್ ಕಟ್ಟಡ ಎದ್ದದ್ದು 1892ರಲ್ಲಿ. ಆಗ ಹತ್ತನೆಯ ಚಾಮರಾಜೇಂದ್ರ ಒಡೆಯರ ಆಳ್ವಿಕೆ, ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿ. ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ ಆ ಹೆಸರು. ಆದರೆ ಮೈಸೂರಿಗರ ಮನಸ್ಸಿನಲ್ಲಿ ಅದು ಉಳಿದದ್ದು ಹಳೆಯ ಪುಸ್ತಕದ ಅಂಗಡಿಗಳಿಂದ. ಹೊಸ ಪುಸ್ತಕ ಕೊಳ್ಳಲಾಗದ ಎಷ್ಟೋ ಮಕ್ಕಳು ಓದಿದ್ದು ಅಲ್ಲಿ ಚೌಕಾಸಿ ಮಾಡಿ ತಂದ ಪಠ್ಯಗಳನ್ನು. ಅರಮನೆ ಕೊಡಲಾಗದ್ದನ್ನು ಈ ಕಟ್ಟಡ ಕೊಟ್ಟಿತು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಅದರ ಸೂರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದು ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ಮರದ ತೊಲೆ, ಅದರ ಮೇಲೆ ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿದ ತೆಳು ಇಟ್ಟಿಗೆ, ಸಂದಿಗೆ ಸುಣ್ಣದ ಗಾರೆ. ಮೇಲೆ ಇಟ್ಟಿಗೆ ಚೂರು, ಸುಣ್ಣ ಹಾಕಿ ದಿನಗಟ್ಟಲೆ ಬಡಿಯುತ್ತಿದ್ದರು. ಇಂಥ ಗಾರೆಗೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಬೆರೆಸುವುದೂ ರೂಢಿ. ಕಾಲಕಾಲಕ್ಕೆ ನೋಡಿಕೊಂಡರೆ ಈ ತಾರಸಿ ನೂರು ವರ್ಷಕ್ಕೂ ಹೆಚ್ಚು ಬಾಳುತ್ತದೆ. ಇದರ ಮರ್ಮಸ್ಥಾನ ಒಂದೇ: ಗೋಡೆಯೊಳಗೆ ಹೂತ ತೊಲೆಯ ತುದಿ. ಮೇಲಿನಿಂದ ನೀರಿಳಿದರೆ, ಬಿರುಕಿನಲ್ಲಿ ಅರಳಿ ಗಿಡ ಬೇರೂರಿದರೆ, ಆ ತುದಿ ಕಣ್ಣಿಗೆ ಬೀಳದಂತೆ ಕೊಳೆಯುತ್ತದೆ. ಹೊರಗಿನ ಗೋಡೆಗೆ ಬಣ್ಣ ಬಳಿದರೆ ಅದು ವಾಸಿಯಾಗುವುದಿಲ್ಲ.

2012ರ ಆಗಸ್ಟ್ 25ರಂದು ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ವರು ಸತ್ತರು. ಅಂಗಡಿಗಳನ್ನು ತೆರವು ಮಾಡಿಸಿದರು. ನಾಲ್ಕು ವರ್ಷದ ಬಳಿಕ, ಅದೇ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ಭಾಗವೂ ಬಿತ್ತು. ಕೆಡವಿ ಹೊಸದಾಗಿ ಕಟ್ಟೋಣ ಎನ್ನುವವರು, ದುರಸ್ತಿ ಮಾಡಿ ಉಳಿಸೋಣ ಎನ್ನುವವರು, ಇಬ್ಬರ ವಾದವೂ ವರ್ಷಗಟ್ಟಲೆ ಎಳೆದಾಡಿತು. ಜೀವ ಹೋದ ಮೇಲೆ ಜನ ಹೆದರುವುದು ಸಹಜ, ಆ ಹೆದರಿಕೆಯನ್ನು ನಾನು ತಳ್ಳಿಹಾಕಲಾರೆ. ಆದರೂ ತೊಲೆ ಬದಲಿಸಬಹುದು, ಗಾರೆ ಮತ್ತೆ ಹಾಕಬಹುದು. ಆ ಕೆಲಸ ಬಲ್ಲ ಕೈಗಳು ಇನ್ನೂ ನಮ್ಮ ನಾಡಿನಲ್ಲಿವೆ. ಬಾಗಿಲು ಮುಚ್ಚಿ ಮಳೆಗೆ ಬಿಟ್ಟ ಕಟ್ಟಡ ಮಾತ್ರ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನ ಹಳೆಯ ಮಾರುಕಟ್ಟೆಯ ಮಾಳಿಗೆಯಲ್ಲಿ ಅರಳಿ ಸಸಿ ಕಂಡರೆ ಅವತ್ತೇ ಪುರಸಭೆಗೆ ಅರ್ಜಿ ಬರೆಯಿರಿ, ಅದನ್ನು ಕಿತ್ತು ಬಿರುಕಿಗೆ ಗಾರೆ ತುಂಬುವವರೆಗೂ ಬೆನ್ನು ಬಿಡಬೇಡಿ.