ಗ್ರಂಥಕ್ಕೆ ಸಲ್ಲುವ ಗೌರವ

(ವಾರ್ಷಿಕೋತ್ಸವದ ಪುಸ್ತಕ ಪ್ರದರ್ಶನದ ಸಂದರ್ಭದಲ್ಲಿ ಮಾಡಿದ ಭಾಷಣ)



ಈ ದಿನದ ಪ್ರದರ್ಶನವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ನಮಗೆ ಅಪ್ಪಣೆ ಮಾಡಿರುವರು. ಕನ್ನಡ ಪಂಡಿತರಾದ ನಾವು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವೆವೆಂದು ತಾವು ನಿರೀಕ್ಷಿಸಿರಬಹುದು. ಆದರೆ ಇಂದು ದೂರದ ಸ್ಪೇನ್ ದೇಶದ ಒಂದು ಗ್ರಂಥದ ಕಥೆಯನ್ನು ಹೇಳಬೇಕೆಂದಿದ್ದೇವೆ. ಕಥೆ ಪರದೇಶದ್ದಾದರೂ ಅದರ ನೀತಿ ನಮ್ಮ ಮನೆಬಾಗಿಲಿನದು.

ಸೆರ್ವಾಂಟಿಸ್ ಎಂಬಾತನು 1571ರ ಲೆಪಾಂಟೊ ಕದನದಲ್ಲಿ ಎಡಗೈಯ ಬಲವನ್ನು ಕಳೆದುಕೊಂಡ ಸಿಪಾಯಿ. 1575ರಲ್ಲಿ ಕಡಲುಗಳ್ಳರ ಕೈಸೇರಿ ಅಲ್ಜಿಯರ್ಸ್ ನಗರದಲ್ಲಿ ಐದು ವರ್ಷ ಸೆರೆಯಲ್ಲಿದ್ದವನು. ಆತನು ಬರೆದ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯ ಮೊದಲ ಭಾಗವು 1605ರಲ್ಲಿಯೂ ಎರಡನೆಯದು 1615ರಲ್ಲಿಯೂ ಮ್ಯಾಡ್ರಿಡ್‌ನಲ್ಲಿ ಪ್ರಕಟವಾದವು. ಹಳ್ಳಿಯ ಗೃಹಸ್ಥನೊಬ್ಬನು ಉಳುವ ಹೊಲವನ್ನೇ ಮಾರಿ ಸಾಹಸವೀರರ ಕಥೆಗಳನ್ನು ಕೊಳ್ಳುತ್ತಾನೆ. ಹಗಲಿರುಳು ಓದಿ ಬುದ್ಧಿ ಕೆಡಿಸಿಕೊಳ್ಳುತ್ತಾನೆ. ತುಕ್ಕುಹಿಡಿದ ಕವಚವನ್ನು ತೊಟ್ಟು ಗಾಳಿಗಿರಣಿಗಳನ್ನೇ ರಾಕ್ಷಸರೆಂದು ಬಗೆದು ಈಟಿ ಹಿಡಿದು ನುಗ್ಗುತ್ತಾನೆ. ಕತ್ತೆಯೇರಿದ ಸಾಂಚೊ ಎಂಬ ರೈತನು ಅವನ ಅನುಚರ. ಲೋಕವೆಲ್ಲ ನಕ್ಕಿತು. ಆದರೆ ನಗುತ್ತ ನಗುತ್ತ ಆ ಹುಚ್ಚನಲ್ಲಿಯೇ ಮನುಷ್ಯತ್ವವನ್ನು ಕಂಡುಕೊಂಡಿತು. ವಿಡಂಬನೆ ಕಾವ್ಯವಾಗುವುದು ಹೀಗೆಯೇ ಅಲ್ಲವೆ?

ಇಂತಹ ಗ್ರಂಥವು ಮೊದಲು ಲೋಕಕ್ಕೆ ಬಂದುದು ದೀನವಾದ ವೇಷದಲ್ಲಿ. ಕಾಗದ ಸಾಧಾರಣವಾದುದು, ಅಚ್ಚಿನ ತಪ್ಪುಗಳಿಗೆ ಲೆಕ್ಕವಿಲ್ಲ. ಸಾಂಚೊನ ಕತ್ತೆ ಕಳುವಾದ ಪ್ರಸಂಗವೇ ಬಿಟ್ಟುಹೋಗಿ, ಇದ್ದ ಕತ್ತೆ ಇದ್ದಕ್ಕಿದ್ದಂತೆ ಮಾಯವಾಗುತ್ತದೆ, ಮತ್ತೆ ಕಾಣಿಸಿಕೊಳ್ಳುತ್ತದೆ! ರಟ್ಟು ಕಟ್ಟದ ಹಾಳೆಗಳಿಗೆ ಸರಕಾರವು ವಿಧಿಸಿದ ಬೆಲೆ 290½ ಮರವೇದಿ ಎಂಬ ಚಿಲ್ಲರೆ ನಾಣ್ಯಗಳು.

ಮುಂದೆ 1738ರಲ್ಲಿ ಒಂದು ಆಶ್ಚರ್ಯ ನಡೆಯಿತು. ಲಂಡನ್ ನಗರದಲ್ಲಿ, ಕಾರ್ಟರೆಟ್ ಪ್ರಭುವಿನ ಆಶ್ರಯದಲ್ಲಿ, ಅದೇ ಕಾದಂಬರಿಯು ಸ್ಪ್ಯಾನಿಷ್ ಭಾಷೆಯಲ್ಲಿಯೇ, ಸುಂದರವಾದ ಚಿತ್ರಗಳೊಡನೆ ನಾಲ್ಕು ಸಂಪುಟಗಳಲ್ಲಿ ಮುದ್ರಿತವಾಯಿತು. ಸೆರ್ವಾಂಟಿಸನ ಮೊದಲ ಜೀವನಚರಿತ್ರೆಯನ್ನು ಮಯಾನ್ಸ್ ಎಂಬ ಸ್ಪ್ಯಾನಿಷ್ ಪಂಡಿತನು ಬರೆದುದೂ ಆ ಪ್ರತಿಗಾಗಿಯೇ. ಮನೆಯವರು ಚಾಪೆಯ ಮೇಲೆ ಕೂಡಿಸಿದ ಹಿರಿಯನನ್ನು ನೆರೆಯವರು ಪೀಠಕ್ಕೇರಿಸಿದರು! ತಾಯ್ನಾಡಿನ ಅಭಿಮಾನಿಗಳಿಗೆ ಅದು ಸಂತೋಷವೂ ಹೌದು, ನಾಚಿಕೆಯೂ ಹೌದು.

ಆ ನಾಚಿಕೆ ವ್ಯರ್ಥವಾಗಲಿಲ್ಲ. ಸ್ಪೇನಿನ ರಾಜಭಾಷಾ ಪರಿಷತ್ತು ಈ ಗ್ರಂಥಕ್ಕೆ ತಕ್ಕ ಆವೃತ್ತಿಯೊಂದನ್ನು ಹೊರತರುವ ಸಂಕಲ್ಪವನ್ನು 1773ರಲ್ಲಿ ಮಾಡಿತು. ದೊರೆ ಮೂರನೆಯ ಕಾರ್ಲೋಸನು ಸಮ್ಮತಿಸಿದನು. ಹಳೆಯ ಪ್ರತಿಗಳನ್ನು ಹೋಲಿಸಿ ಪಾಠವನ್ನು ತಿದ್ದಿದರು. ಕ್ಯಾಟಲೋನಿಯದ ಗಿರಣಿಯೊಂದರಿಂದ ಉತ್ತಮ ಕಾಗದವನ್ನು ತರಿಸಿದರು. ಹಿಲ್ ಎಂಬ ಶಿಲ್ಪಿಯು ಕೊರೆದ ಅಚ್ಚುಮೊಳೆಗಳನ್ನು ಬಳಸಿದರು. ತಾಮ್ರಫಲಕಗಳಲ್ಲಿ ಚಿತ್ರಗಳನ್ನು ಸ್ಪೇನಿನ ಕಲಾವಿದರಿಂದಲೇ ಕೆತ್ತಿಸಿದರು. ಲೋಪೆಸ್ ಎಂಬ ಭೂಗೋಳಜ್ಞನು ಆ ಕಲ್ಪಿತ ವೀರನ ಸಂಚಾರಮಾರ್ಗಕ್ಕೆ ನಿಜವಾದ ನಕ್ಷೆಯನ್ನೇ ಬರೆದನು! ಹೀಗೆ ಏಳು ವರ್ಷಗಳ ಶ್ರಮದ ಫಲವಾಗಿ 1780ರಲ್ಲಿ ಇಬಾರ ಎಂಬ ಮುದ್ರಕನ ಕೈಯಿಂದ ಹೊರಬಂದ ನಾಲ್ಕು ಸಂಪುಟಗಳನ್ನು ಮುದ್ರಣಕಲೆಯನ್ನು ಬಲ್ಲವರು ಇಂದಿಗೂ ಕೊಂಡಾಡುವರು. ಗ್ರಂಥಸಂಗ್ರಾಹಕರು ಅಪಾರವಾದ ಹಣವನ್ನು ತೆತ್ತು ಕೊಳ್ಳುವರು. ಹೊಲ ಮಾರಿ ಪುಸ್ತಕ ಕೊಂಡವನನ್ನು ಹಾಸ್ಯ ಮಾಡಿದ ಗ್ರಂಥಕ್ಕಾಗಿ ಹೊಲ ಮಾರುವ ಬೆಲೆ! ಸೆರ್ವಾಂಟಿಸನು ಇದ್ದಿದ್ದರೆ ಇನ್ನೊಂದು ಅಧ್ಯಾಯವನ್ನೇ ಬರೆಯುತ್ತಿದ್ದನೇನೋ.

ಆದರೆ ನಾವು ತಮ್ಮ ಗಮನವನ್ನು ಸೆಳೆಯಬೇಕೆಂದಿರುವುದು ಮುಂದಿನ ಸಂಗತಿಯ ಕಡೆಗೆ. ಆ ಭವ್ಯ ಆವೃತ್ತಿಯೊಂದಿಗೇ ತನ್ನ ಕೆಲಸ ಮುಗಿಯಿತೆಂದು ಪರಿಷತ್ತು ಕೈತೊಳೆದುಕೊಳ್ಳಲಿಲ್ಲ. ಎರಡೇ ವರ್ಷಗಳಲ್ಲಿ, 1782ರಲ್ಲಿ, ಅದೇ ಇಬಾರನಿಂದ ಚಿಕ್ಕ ಆಕಾರದ ಸಂಪುಟಗಳನ್ನೂ ಅಚ್ಚು ಮಾಡಿಸಿತು. ದೊಡ್ಡದು ಪೀಠದ ಮೇಲೆ ಶೋಭಿಸಲಿ. ಚಿಕ್ಕದು ಕೈಗೆ ಬರಲಿ. ಗ್ರಂಥಕ್ಕೆ ಸಲ್ಲಬೇಕಾದ ಗೌರವಗಳು ಇವೆರಡೂ ತಾನೇ?

ಇನ್ನು ನಮ್ಮ ಮನೆಗೆ ಬರೋಣ. ಕಿಟ್ಟೆಲ್ಲರ ನಿಘಂಟು 1894ರಲ್ಲಿಯೂ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿಯೂ ಬೆಳಕು ಕಂಡುದು ನೆರೆಯ ಮಂಗಳೂರಿನಲ್ಲಿ. ಅಂದು ನಮ್ಮ ಕಾಸರಗೋಡೂ ಅದೇ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಗಡಿ ಬದಲಾಯಿತು. ಪುಸ್ತಕಗಳ ಮೇಲಿನ ನಮ್ಮ ಹಕ್ಕು ಬದಲಾಗಲಿಲ್ಲ. ಆದರೆ ಆ ಹಕ್ಕನ್ನು ನಾವು ಹೇಗೆ ಬಳಸಿದೆವು?

ನಮ್ಮದೇ ಒಂದು ಅಪರಾಧವನ್ನು ಈ ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಮಹನೀಯರೊಬ್ಬರು ಚಿತ್ರಗಳುಳ್ಳ ದೊಡ್ಡ ಕನ್ನಡ ಗ್ರಂಥವೊಂದನ್ನು ನಮ್ಮ ವಶಕ್ಕೆ ಕೊಟ್ಟರು. ಕೊಳೆಯಾದೀತೆಂಬ ಭಯದಿಂದ ನಾವು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಎಂಟನೆಯ ತರಗತಿಯ ಹುಡುಗನೊಬ್ಬನು ಮೂರು ಸಲ ಬಂದು, “ಪಂಡಿತರೇ, ಚಿತ್ರ ಮಾತ್ರ ನೋಡಿ ಕೊಡುತ್ತೇನೆ” ಎಂದು ಬೇಡಿದನು. “ಪರೀಕ್ಷೆ ಮುಗಿಯಲಿ” ಎಂದೆವು. ಎರಡು ಮಳೆಗಾಲ ಕಳೆದು ಬೀಗ ತೆಗೆದಾಗ, ಹುಡುಗನಿಗೆ ನಾವು ಕೊಡದ ಪುಸ್ತಕವನ್ನು ಗೆದ್ದಲು ನಮ್ಮ ಅಪ್ಪಣೆಯಿಲ್ಲದೆಯೇ ಓದಿ ಮುಗಿಸಿತ್ತು. ಆ ಹುಡುಗನೂ ಶಾಲೆ ಮುಗಿಸಿ ಹೋಗಿದ್ದನು. ಬೆರಳಿನ ಕಲೆಯನ್ನು ಒರೆಸಬಹುದಾಗಿತ್ತು. ಇದನ್ನು ಒರೆಸುವ ಬಗೆ ನಮಗೆ ತಿಳಿಯದು.

ಮಹನೀಯರೇ, ನಮ್ಮ ಕನ್ನಡ ತರಗತಿಗಳಲ್ಲಿ ಬೆಂಚುಗಳು ವರ್ಷವರ್ಷಕ್ಕೆ ಬರಿದಾಗುತ್ತಿರುವುದನ್ನು ತಾವು ಬಲ್ಲಿರಿ. ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಕಳುಹಿಸುವ ತಂದೆತಾಯಿಗಳನ್ನು ನಾವು ದೂರುವುದಿಲ್ಲ. ಉದ್ಯೋಗದ ಚಿಂತೆ ಎಲ್ಲರಿಗೂ ಉಂಟು. ಆದರೆ ಮಗು ಯಾವ ಶಾಲೆಗೇ ಹೋಗಲಿ, ಸಂಜೆ ಮನೆಯಲ್ಲಿ ಅದರ ಕೈಗೆ ಒಂದು ಕನ್ನಡ ಪುಸ್ತಕ ಸಿಗುವಂತೆ ಮಾಡಲು ಯಾವ ಸರಕಾರದ ಅಪ್ಪಣೆಯೂ ಬೇಡ. ಇಂದು ಮೇಜಿನ ಮೇಲೆ ಇಟ್ಟಿರುವ ಈ ಪುಸ್ತಕಗಳು ನಾಳೆ ಮತ್ತೆ ಬೀಗದೊಳಗೆ ಸೇರದಿರಲಿ. ಪ್ರತಿ ಭಾನುವಾರ ಎರಡು ಗಂಟೆ ಕಪಾಟನ್ನು ತೆರೆದಿಟ್ಟು ಕುಳಿತಿರುವ ಹೊಣೆಯನ್ನು ನಾವು ಹೊರುತ್ತೇವೆ. ಮಕ್ಕಳನ್ನು ಕಳುಹಿಸುವ ಹೊಣೆ ತಮ್ಮದು.

ಕೈ ತೊಳೆದು ಬಂದರೆ ಸಂತೋಷ. ತೊಳೆಯದೆ ಬಂದರೂ ಬಾಗಿಲು ತೆರೆದಿರುತ್ತದೆ.